ಹೊನ್ನೇಶನ ನಂಬರಿನಲ್ಲಿ ಕಾಂತರಾಜ

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಓಂಕಾರಮೂರ್ತಿಯವರ ಫೋಟೋ ಸ್ಟುಡಿಯೋ ಇದೆಯಲ್ಲ, ಅದರ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುವ ಕಾಂತರಾಜನಿಗೆ ಮೂರು ವರ್ಷದಿಂದ ಸಕ್ಕರೆ ಇಲ್ಲದ ಟೀ ಬರುತ್ತಿತ್ತು. ಅವನಿಗೆ ಸಕ್ಕರೆ ಕಾಯಿಲೆ ಏನೂ ಇರಲಿಲ್ಲ. ಲಿಂಗದಹಳ್ಳಿಯವನು, ಬೆಲ್ಲದ ಕಾಫಿ ಕುಡಿದು ಬೆಳೆದವನು, ಲೋಟದ ತಳದಲ್ಲಿ ಒಂದಿಷ್ಟು ಸಕ್ಕರೆ ಉಳಿದರೇ ಅವನಿಗೆ ಟೀ ಕುಡಿದ ಸಮಾಧಾನ. ಆದರೆ ಎದುರಿನ ಅಂಗಡಿಯ ಕರಿಯಣ್ಣನ ಕೈಗೆ ಒಂದು ರೂಢಿ ಕೂತುಬಿಟ್ಟಿತ್ತು: ಡಿಸ್ಕ್ ರೂಮಿಗೆ ಒಂದು ಟೀ, ಸಕ್ಕರೆ ಇಲ್ಲದೆ. ಹೇಳಿದರೆ ಎರಡು ದಿನ ಸಕ್ಕರೆ ಬೀಳುತ್ತಿತ್ತು, ಮೂರನೇ ದಿನ ಮತ್ತೆ ಅದೇ ಚಪ್ಪೆ. ಆ ರೂಢಿ ಹಾಕಿಹೋದವನು ಕಾಂತರಾಜನಿಗಿಂತ ಮೊದಲು ಆ ಕೋಣೆಯಲ್ಲಿದ್ದ ಹೊನ್ನೇಶ. ಟೀ ವಿಷಯಕ್ಕೆಲ್ಲ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೇನ್ರೀ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ, ಟೀ ಬರೀ ಶುರು.

ಮೊದಲು ಆ ಕೋಣೆ ಏನೆಂದು ಹೇಳಿಬಿಡುತ್ತೇನೆ. ಈಗಿನ ಮದುವೆಗಳು ನಿಮಗೆ ಗೊತ್ತಲ್ಲ. ಧಾರೆಗೆ ಹಿಡಿಯುವುದು ಅರ್ಧ ಗಂಟೆ, ಶೂಟಿಂಗಿಗೆ ಮೂರು ದಿನ. ಅದಕ್ಕೂ ಮೊದಲೇ ಹುಡುಗ ಹುಡುಗಿಯನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ದು, ಮಂಜಿನಲ್ಲಿ ಓಡಾಡಿಸಿ, ಮೇಲಿಂದ ಡ್ರೋನ್ ಹಾರಿಸಿ ಒಂದು ಸಿನಿಮಾ ತೆಗೆಯುತ್ತಾರೆ. ಇದನ್ನೆಲ್ಲ ಇಡುವುದೆಲ್ಲಿ? ಕಡೂರು, ಬೀರೂರು, ತರೀಕೆರೆಯ ಸ್ಟುಡಿಯೋದವರು ಒಟ್ಟುಗೂಡಿ ಓಂಕಾರಮೂರ್ತಿಯವರ ಹಿಂದಿನ ಕೋಣೆಯಲ್ಲಿ ಐದು ಕಂಪ್ಯೂಟರ್ ಕೂರಿಸಿದರು. ಒಂದೊಂದರ ಹೊಟ್ಟೆಗೂ ನಾಲ್ಕೈದು ಡಿಸ್ಕ್ ತುಂಬಿ, ಐದನ್ನೂ ಒಂದೇ ಉಗ್ರಾಣದ ಹಾಗೆ ಜೋಡಿಸಿದರು. ಒಂದು ವಿಡಿಯೋ ಬಂದರೆ ಅದು ಚೂರುಚೂರಾಗುತ್ತದೆ. ಪ್ರತಿ ಚೂರೂ ಮೂರು ಬೇರೆ ಬೇರೆ ಡಿಸ್ಕಿನಲ್ಲಿ ಕೂರುತ್ತದೆ. ಒಂದು ಡಿಸ್ಕ್ ಕೆಟ್ಟರೆ ಇನ್ನೆರಡರಲ್ಲಿ ಇರುತ್ತದೆ. ಯಾವ ಚೂರು ಎಲ್ಲಿ ಎಂಬುದನ್ನು ಡಿಸ್ಕುಗಳ ನಂಬರು ಹಿಡಿದು ಆ ಉಗ್ರಾಣವೇ ಲೆಕ್ಕ ಹಾಕಿಕೊಳ್ಳುತ್ತದೆ. ಇದನ್ನು ಕಟ್ಟಿ ನಿಲ್ಲಿಸಿದವನು ಹೊನ್ನೇಶ. ಒಂದೊಂದು ಡಿಸ್ಕಿನ ಮೂತಿಗೂ ಚೀಟಿ ಅಂಟಿಸಿ, ಗುಂಡಗಿನ ಬರಹದಲ್ಲಿ ನಂಬರು ಬರೆದವನೂ ಅವನೇ.

ಕೆಲಸ ಬಿಡುವಾಗ ಹೊನ್ನೇಶ ಒಂದು ಮಾತು ಹೇಳಿಹೋಗಿದ್ದ: ಡಿಸ್ಕ್ ಸಾಯಬಹುದು, ನಂಬರ್ ಸಾಯಬಾರದು. ಮದುವೆ ಊಟದ ಪಂಕ್ತಿ ನೋಡಿ. ಒಬ್ಬ ಎದ್ದುಹೋದರೆ ಅದೇ ಎಲೆಯ ಮುಂದೆ ಇನ್ನೊಬ್ಬನನ್ನು ಕೂರಿಸಿದರೆ ಬಡಿಸುವವನಿಗೆ ಗೊಂದಲವಿಲ್ಲ. ಆ ಎಲೆಯನ್ನೇ ಎತ್ತಿಬಿಟ್ಟು, ಎಲ್ಲರೂ ಒಂದೊಂದು ಜಾಗ ಸರಿಯಿರಿ ಎಂದರೆ? ಸಾರಿನ ಎಲೆಗೆ ಪಾಯಸ, ಪಾಯಸದ ಎಲೆಗೆ ಮಜ್ಜಿಗೆ. ಡಿಸ್ಕುಗಳದ್ದೂ ಅಷ್ಟೇ. ಕೆಟ್ಟ ಡಿಸ್ಕನ್ನು ತೆಗೆಯಲು ಎರಡು ಆಜ್ಞೆಗಳಿವೆ. ಒಂದು 'ಡೆಸ್ಟ್ರಾಯ್': ಡಿಸ್ಕ್ ಹೋಗುತ್ತದೆ, ನಂಬರು ಖಾಲಿ ಎಲೆಯ ಹಾಗೆ ಕಾದಿರುತ್ತದೆ, ಹೊಸ ಡಿಸ್ಕ್ ಬಂದು ಅಲ್ಲೇ ಕೂರುತ್ತದೆ. ಇನ್ನೊಂದು 'ಪರ್ಜ್': ನಂಬರೂ ಹೋಗುತ್ತದೆ, ಉಳಿದವರೆಲ್ಲ ಎದ್ದು ಜಾಗ ಬದಲಿಸಬೇಕಾಗುತ್ತದೆ. ಮೊದಲನೆಯದನ್ನೇ ಮಾಡು ಎನ್ನುವುದು ಹೊನ್ನೇಶನ ಉಪದೇಶ. ಡಿಸ್ಕಿನ ತಲೆ ಯಾವುದು ಬಾಲ ಯಾವುದು ಎಂದು ತಿಳಿಯದ ಓಂಕಾರಮೂರ್ತಿಯವರೂ ಆ ಮಾತನ್ನು ಮಂತ್ರದ ಹಾಗೆ ಒಪ್ಪಿಸುತ್ತಿದ್ದರು. ಅವರು ಒಪ್ಪಿಸಿದಾಗಲೆಲ್ಲ ಕಾಂತರಾಜನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕುತ್ತಿದ್ದರು.

ಹೊನ್ನೇಶ ಹೋದದ್ದು ಅಜ್ಜಂಪುರಕ್ಕೆ. ಅಲ್ಲಿಯ ಈರುಳ್ಳಿ ಮಂಡಿಯ ತೀರ್ಥಪ್ಪನವರಿಗೆ ಒಬ್ಬಳೇ ಮಗಳು. ಮಂಡಿ ನೋಡಿಕೊಳ್ಳಲು ಗಂಡುದಿಕ್ಕಿಲ್ಲ. ಮಗಳನ್ನು ಕೊಟ್ಟು, ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡರು. ಅವನು ಹೊರಟ ದಿನ ಓಂಕಾರಮೂರ್ತಿಯವರು ಅವನಿಂದ ಒಂದೇ ಒಂದು ವಸ್ತು ಕೇಳಿ ಇಸಿದುಕೊಂಡರು: ಅವನ ಫೋನಿನ ಸಿಮ್ಮು. ಮೂರು ಊರಿನ ಸ್ಟುಡಿಯೋದವರ ಹತ್ತಿರವೂ ಅದೇ ನಂಬರು ಇರುವುದು, ಬದಲಾಯಿಸಿದರೆ ಕೆಲಸ ಕೆಡುತ್ತದೆ ಎಂಬ ಲೆಕ್ಕ. ಆ ಸಿಮ್ಮು ಕುರ್ಚಿಯ ಜೊತೆಗೆ ಕಾಂತರಾಜನಿಗೆ ಬಂತು. ಎಲ್ಲರ ಫೋನಿನಲ್ಲೂ ಅದು ಹೊನ್ನೇಶ್ ಎಂದೇ ಇತ್ತು. ಮೂರು ವರ್ಷವಾದರೂ ಹಾಗೇ ಇತ್ತು. ಅಲ್ಲರೀ, ಒಂದು ಹೆಸರು ಅಳಿಸಿ ಇನ್ನೊಂದು ಬರೆಯಲು ಎಷ್ಟು ಹೊತ್ತು ಬೇಕು? ಬೇಕಾಗಿರಲಿಲ್ಲ ಯಾರಿಗೂ, ಅಷ್ಟೇ.

ಹೀಗಾಗಿ ಬೆಳಗಾದರೆ 'ಹೊನ್ನೇಶಣ್ಣಾ, ನನ್ನ ಫೈಲ್ ಬಂತಾ ನೋಡು', 'ಹೊನ್ನೇಶಾ, ಡ್ರೋನಿಂದು ಏರಿಸ್ತಿದೀನಿ' ಎಂಬ ಕರೆಗಳೇ. ಕಾಂತರಾಜನದು ಪ್ರತಿ ಸಲವೂ ಒಂದೇ ಉತ್ತರ: "ನಾನು ಹೊನ್ನೇಶ್ ಅಲ್ಲ ಕಣ್ರೀ, ಕಾಂತರಾಜ್." ಆ ಕಡೆಯವರು ಓ ಎಂದು, ಮುಂದಿನ ವಾಕ್ಯದಲ್ಲಿ ಮತ್ತೆ ಹೊನ್ನೇಶಣ್ಣ ಎನ್ನುತ್ತಿದ್ದರು. ವಾರಕ್ಕೊಮ್ಮೆ ಯಾವುದೋ ಲ್ಯಾಂಡ್‌ಲೈನಿನಿಂದ ಒಂದು ಕರೆ ಬರುತ್ತಿತ್ತು. ಅದರಲ್ಲಿ ಮಾತೇ ಇರುತ್ತಿರಲಿಲ್ಲ. ಕಾಂತರಾಜ ತನ್ನ ಮಾಮೂಲು ವಾಕ್ಯ ಹೇಳುತ್ತಿದ್ದ, ಆ ಕಡೆ ಸ್ವಲ್ಪ ಹೊತ್ತು ಉಸಿರು ಕೇಳಿಸಿ ಫೋನ್ ಕಟ್ಟಾಗುತ್ತಿತ್ತು. ಅವರಿಗೂ ಹೊನ್ನೇಶನೇ ಬೇಕಾಗಿದ್ದ ಎಂದು ಇವನು ಇನ್ನಷ್ಟು ಉರಿದುಕೊಳ್ಳುತ್ತಿದ್ದ.

ಇಷ್ಟಾದರೆ ತಡೆದುಕೊಳ್ಳಬಹುದಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಗಾಯ ಕೆರೆಯದಿದ್ದರೆ ನಿದ್ದೆ ಬರುವುದಿಲ್ಲ. ಕಾಂತರಾಜ ದಿನಾ ಹೊನ್ನೇಶನ ಹೊಸ ನಂಬರಿನ ವಾಟ್ಸಾಪ್ ಸ್ಟೇಟಸ್ ನೋಡುತ್ತಿದ್ದ. ಒಂದು ದಿನ ಗುಡ್ಡೆ ಹಾಕಿದ ಈರುಳ್ಳಿ, ಒಂದು ದಿನ ಲೋಡಾದ ಲಾರಿ, ಇನ್ನೊಂದು ದಿನ ಮಾವ ಕೊಡಿಸಿದ ಬಿಳಿ ಕಾರು, ಅದಕ್ಕೆ ನಿಂಬೆಹಣ್ಣು. ನೋಡಿದ ಮೇಲೆ, ತಾನು ನೋಡಿದ್ದು ಅವನಿಗೆ ಗೊತ್ತಾಗುತ್ತದಲ್ಲ ಎಂದು ಹಲ್ಲು ಕಡಿಯುತ್ತಿದ್ದ. ಹೆಂಡತಿ ಅಶ್ವಿನಿ ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲಿಂದಲೇ ಕೇಳುತ್ತಿದ್ದಳು, ಇವತ್ತು ನಿಮ್ಮ ಸವತಿ ಏನು ಹಾಕಿದಾನೆ ಅಂತ. ಆ ಮಾತಿಗೆ ಅವನು ಊಟ ಬಿಟ್ಟು ಎದ್ದಿದ್ದೂ ಉಂಟು. ಆಮೇಲೆ ಹಸಿವು ತಡೆಯದೆ ಅವನೇ ಬಡಿಸಿಕೊಂಡಿದ್ದೂ ಉಂಟು.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಆ ಕೋಣೆಯಲ್ಲಿ ಒಂದು ಸಲ, ಯಾರಾದರೂ ಒಬ್ಬರು, ತಿದ್ದಿಸಿಕೊಳ್ಳದೆ, ಕಾಂತರಾಜ ಎಂದು ಕರೆಯಬೇಕು. ಇಷ್ಟೇ.

ದೀಪಾವಳಿ ಕಳೆದು ಕಾರ್ತಿಕದ ಲಗ್ನಗಳು ಶುರುವಾಗಿದ್ದವು. ಒಂದು ಬೆಳಗ್ಗೆ ಏಳನೇ ನಂಬರಿನ ಡಿಸ್ಕ್ ಕೈಕೊಟ್ಟಿತು. ಪೂರ್ತಿ ಸತ್ತಿರಲಿಲ್ಲ, ಕೆಮ್ಮುತ್ತಿತ್ತು, ನಿಂತು ನಿಂತು ಓಡುತ್ತಿತ್ತು. ಕಾಂತರಾಜ ಹೊಸ ಡಿಸ್ಕ್ ತೆಗೆದಿಟ್ಟುಕೊಂಡ. ಮಾಡುವ ಕೆಲಸ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟರಲ್ಲಿ ಎಷ್ಟೋ ಡಿಸ್ಕ್ ಬದಲಾಯಿಸಿದ್ದ. ಆದರೆ ಅವತ್ತು ಓಂಕಾರಮೂರ್ತಿಯವರು ಹಾರ ಹಾಕಿದ ಹೊಸ ಕ್ಯಾಮೆರಾ ಹಿಡಿದುಕೊಂಡು ಬಾಗಿಲಲ್ಲಿ ಇಣುಕಿ, "ಹೊನ್ನೇಶ ಹೇಳಿದ್ದು ನೆನಪೈತಲ್ಲ? ಡಿಸ್ಕ್ ಸತ್ರೂ ನಂಬರ್ ಸಾಯ್ಬಾರ್ದು ಕಣಯ್ಯ" ಎಂದು ಹೇಳಿ ಹೋದರು. ಅದರ ಹಿಂದೆಯೇ ಚಪ್ಪೆ ಟೀ ಬಂತು. ಅದರ ಹಿಂದೆಯೇ ತರೀಕೆರೆಯ ಸ್ಟುಡಿಯೋದ ಭೈರೇಶನ ಫೋನು: ಹೊನ್ನೇಶಣ್ಣಾ, ಯಾಕೋ ನಿಧಾನ ಆಗ್ತೈತಲ್ಲ.

ಏಳು ಎಂದು ಗುಂಡಗೆ ಬರೆದಿದ್ದ ಚೀಟಿಯನ್ನೇ ಕಾಂತರಾಜ ನೋಡುತ್ತ ಕೂತ. ಡಿಸ್ಕ್ ಹೋದರೂ ಹೊನ್ನೇಶನ ನಂಬರು ಇರಬೇಕು, ಹೊನ್ನೇಶ ಹೋದರೂ ಅವನ ಹೆಸರು ಇರಬೇಕು, ಎಷ್ಟು ವರ್ಷ ರೀ? ಅವನು ಹೊಸ ಡಿಸ್ಕನ್ನು ಏಳರ ಜಾಗದಲ್ಲಿ ಹಾಕಲಿಲ್ಲ. ಪಕ್ಕದಲ್ಲಿ ಖಾಲಿ ಇದ್ದ ಗೂಡಿಗೆ ತಳ್ಳಿ, ಅದಕ್ಕೆ ಹೊಚ್ಚ ಹೊಸ ನಂಬರು ಕೊಡಿಸಿದ. ಹೊಸ ಚೀಟಿ ಹರಿದು ತನ್ನ ಓರೆ ಬರಹದಲ್ಲಿ ಬರೆದು ಅಂಟಿಸಿದ. ಆಮೇಲೆ ಕೀಬೋರ್ಡಿನ ಮುಂದೆ ಕೂತು, ಡೆಸ್ಟ್ರಾಯ್ ಎಂದು ಹೊಡೆಯುವ ಕಡೆ ಪರ್ಜ್ ಎಂದು ಹೊಡೆದ. ನಿಜವಾಗಿಯೂ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ಮಾಡು ಮಾರಾಯ ಎಂದ. ಏಳನೇ ನಂಬರು ಉಗ್ರಾಣದಿಂದ ಅಳಿಸಿಹೋಯಿತು. ಕೆಟ್ಟ ಡಿಸ್ಕನ್ನು ಎಳೆದು, ಚೀಟಿ ಕಿತ್ತು, ಮೂಲೆಯ ಡಬ್ಬಕ್ಕೆ ಎಸೆದ. ಆ ದಿನ ಅವನು ಎರಡು ಟೀ ಕುಡಿದ, ಎರಡೂ ಚಪ್ಪೆ ಎನಿಸಲಿಲ್ಲವಂತೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಏಳನೇ ಎಲೆ ಎತ್ತಿದ್ದೇ ತಡ, ಇಡೀ ಪಂಕ್ತಿ ಎದ್ದು ನಿಂತಿತು. ಲೆಕ್ಕ ತಿರುಗಾಮುರುಗಾ ಆಗಿ, ಇಲ್ಲಿದ್ದ ಚೂರು ಅಲ್ಲಿಗೆ, ಅಲ್ಲಿದ್ದದ್ದು ಇನ್ನೆಲ್ಲಿಗೋ ಗುಳೆ ಹೊರಟವು. ಅದೇ ಹೊತ್ತಿಗೆ ಮೂರೂ ಊರಿನಿಂದ ಲಗ್ನದ ವಿಡಿಯೋಗಳು ನುಗ್ಗುತ್ತಿದ್ದವು. ಹಳೆಯ ಡಿಸ್ಕುಗಳೆಲ್ಲ ಏಳರ ಓರಗೆಯವು, ಒಂದೇ ಸಲ ಕೊಂಡು ತಂದದ್ದು, ಅಷ್ಟೇ ದುಡಿದು ಸವೆದಿದ್ದವು. ಈ ಓಡಾಟ ಮುಗಿಯುವ ಮೊದಲೇ, ಅದರ ಭಾರಕ್ಕೆ ಮಾರನೇ ದಿನ ಒಂದು ಬಿತ್ತು. ಅದರ ಮಾರನೇ ದಿನ ಇನ್ನೊಂದು. ಎರಡೂ ಮತ್ತೆ ಏಳದ ಹಾಗೆ ಬಿದ್ದವು. ಕೆಲವು ಚೂರುಗಳ ಮೂರು ಪ್ರತಿಗಳಲ್ಲಿ ಎರಡು ಆ ಇಬ್ಬರ ಹೊಟ್ಟೆಯಲ್ಲಿದ್ದವು, ಮೂರನೆಯದು ಏಳರಲ್ಲಿ. ಏಳಕ್ಕೆ ಈಗ ಹೆಸರೂ ಇಲ್ಲ, ಜಾಗವೂ ಇಲ್ಲ.

ಹೋದದ್ದರಲ್ಲಿ ಒಂದು ಮದುವೆ ಸಖರಾಯಪಟ್ಟಣದ ಕಡೆಯ ತಿಮ್ಮಪ್ಪನವರ ಮಗಳದ್ದು. ತಿಮ್ಮಪ್ಪ ತೆಂಗಿನ ತೋಟದ ರೈತ. ಮಗಳನ್ನು ಧಾರೆ ಎರೆದು ಕೊಟ್ಟ ಹದಿನೈದು ದಿನಕ್ಕೆ ಎದೆನೋವು ಬಂದು ತೀರಿಕೊಂಡಿದ್ದರು. ಜೀವಮಾನದಲ್ಲಿ ಅವರು ಕ್ಯಾಮೆರಾ ಮುಂದೆ ನಕ್ಕಿದ್ದು ಅದೊಂದೇ ದಿನ. ಹೆಂಡತಿ ಸುಲೋಚನಮ್ಮ ಆ ವಿಡಿಯೋದಿಂದ ಒಂದು ಫೋಟೋ ಮಾಡಿಸಿ ಗೋಡೆಗೆ ಹಾಕಬೇಕೆಂದು ಓಂಕಾರಮೂರ್ತಿಯವರ ಅಂಗಡಿಗೇ ಬಂದು ಕೂತಿದ್ದರು. ಎಲ್ಲಾ ಐತಲ್ವೇನಪ್ಪಾ, ಎಲ್ಲೂ ಹೋಗಿಲ್ವಲ್ಲ ಎಂದು ಅವರು ಕೇಳುತ್ತಿದ್ದದ್ದು ಹಿಂದಿನ ಕೋಣೆಗೂ ಕೇಳುತ್ತಿತ್ತು. ಓಂಕಾರಮೂರ್ತಿಯವರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು. ಆ ಡಿಸ್ಕ್ ತಗೊಂಡು ಅಜ್ಜಂಪುರಕ್ಕೆ ಹೋಗು, ಹೊನ್ನೇಶನಿಗೆ ತೋರಿಸು ಎಂದರು. ಬಾಗಿಲು ತೆಗೆಯುವ ಮೊದಲು ಇನ್ನೊಂದು ಮಾತು ಹೇಳಿದರು. "ಇದು ಸರಿಹೋಗ್ಲಿಲ್ಲ ಅಂದ್ರೆ ಅವನನ್ನೇ ವಾಪಸ್ ಕರೆಸ್ಕೊಳ್ತೀನಿ. ನೀನು ಬೇರೆ ಎಲ್ಲಾದ್ರೂ ನೋಡ್ಕೋ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾಂತರಾಜ ಡಬ್ಬದಿಂದ ಡಿಸ್ಕ್ ಹೆಕ್ಕಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದ. ಬೀರೂರು ದಾಟುವವರೆಗೂ ಒಂದೇ ಯೋಚನೆ: ಅವನ ಮುಂದೆ ಕೈಕಟ್ಟಿ ನಿಲ್ಲಬೇಕಲ್ಲ. ಅವನು ನಗುತ್ತಾನೆ. ನಂಬರ್ ತೆಗೆದೆಯಾ ಎಂದು ಕೇಳಿ, ಮಂಡಿಯವರನ್ನೆಲ್ಲ ಕರೆದು ತೋರಿಸಿ ನಗುತ್ತಾನೆ. ಆಮೇಲೆ ಬಿಳಿ ಕಾರಿನಲ್ಲಿ ಬಂದು, ಇವನ ಕುರ್ಚಿಯಲ್ಲಿ ಕೂತು, ಸಕ್ಕರೆ ಇಲ್ಲದ ಟೀ ಕುಡಿಯುತ್ತಾನೆ. ಡಿಸ್ಕನ್ನು ಕಿಟಕಿಯಿಂದ ಆಚೆ ಎಸೆದುಬಿಡಲೇ ಎಂದೂ ಒಮ್ಮೆ ಅನ್ನಿಸಿತು. ಸುಲೋಚನಮ್ಮ ನೆನಪಾಗಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

ಅಜ್ಜಂಪುರದಲ್ಲಿ ಇಳಿದು ಮಂಡಿಗಳ ಸಾಲಿಗೆ ಹೋಗಿ ಹೊನ್ನೇಶ ಎಲ್ಲಿ ಎಂದು ಕೇಳಿದ. ಚೀಲ ಹೊರುವ ಹಮಾಲ ಯಾವ ಹೊನ್ನೇಶ ಎಂದ. ಪಕ್ಕದ ಮಂಡಿಯ ಗುಮಾಸ್ತ ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ ಎಂದ. ಬೆನಕಪ್ಪ ಎಂಬ ತೂಕದವನು ತಕ್ಕಡಿಯಿಂದ ಕಣ್ಣೆತ್ತದೆ, ಕಂಪ್ಯೂಟರ್ ಓದಿದೋರು, ಕಡೂರಲ್ಲಿದ್ದೋರು ಎಂದೆಲ್ಲ ಕೇಳಿಸಿಕೊಂಡ ಮೇಲೆ, "ಓ, ತೀರ್ಥಪ್ಪನೋರ ಅಳೀಮಯ್ಯನಾ? ಹಂಗನ್ನಿ ಮತ್ತೆ" ಎಂದು ಕೈ ತೋರಿಸಿದ. ಕಾಂತರಾಜನಿಗೆ ಎಷ್ಟು ಖುಷಿಯಾಯಿತು ಅಂದರೆ, ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು. ಅವನ ಹೆಸರು ಇಲ್ಲಿ ಒಂದು ನಾಯಿಗೂ ಗೊತ್ತಿಲ್ಲ! ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಹೊನ್ನೇಶ ಚೀಲಗಳ ಮಧ್ಯೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಸ್ಟೇಟಸ್ಸಿನಲ್ಲಿ ಕಂಡಷ್ಟು ಗುಂಡಗಿರಲಿಲ್ಲ. ಗದ್ದಿಗೆಯ ಮೇಲೆ ಮಾವ ತೀರ್ಥಪ್ಪ. ಇವನ ಕುರ್ಚಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕಾಂತರಾಜ ಟವೆಲ್ ಬಿಚ್ಚಿದ. ಹೊನ್ನೇಶ ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುವಿ ನೋಡಿ, ಚೀಟಿ ಇಲ್ಲದಿದ್ದರೂ ಇದು ಏಳಲ್ಲವೇ ಎಂದ. ಮೂತಿಯಲ್ಲಿ ಒಂದು ಗೀರು ಇತ್ತಂತೆ, ಕೂರಿಸುವಾಗ ಅವನ ಕೈಯಲ್ಲೇ ಆದದ್ದು. ಕಾಂತರಾಜ ಆದದ್ದೆಲ್ಲ ಹೇಳಿದ. ಪರ್ಜ್ ಮಾಡಿದೆ ಎನ್ನುವಾಗ ದನಿ ಇಳಿಯಿತು. ಯಾಕೆ ಮಾಡಿದೆ ಎಂದು ಹೊನ್ನೇಶ ಕೇಳಲಿಲ್ಲ. ನಗಲೂ ಇಲ್ಲ.

ಅಷ್ಟರಲ್ಲಿ ಟೀ ಬಂತು. ಹೊನ್ನೇಶ ಒಂದು ಗುಟುಕು ಕುಡಿದು ಮುಖ ಹಿಂಡಿದ. ಅಳಿಯನಿಗೆಂದು ಸಕ್ಕರೆ ಸುರಿದಿದ್ದರು, ಪಾನಕದ ಹಾಗಿತ್ತು. ಬೇಡವೆಂದು ಹೇಳಬಾರದೇ ಎಂದು ಕಾಂತರಾಜ ಕೇಳಿದ. ಅಳಿಯನಿಗೆ ಸಕ್ಕರೆ ಕಮ್ಮಿ ಹಾಕಿದರು ಎಂದು ಊರವರು ಆಡಿಕೊಳ್ಳುತ್ತಾರೆಂದು ಮಾವನವರು ಬಿಡುವುದಿಲ್ಲ ಎಂದ. ಕಾಂತರಾಜ ತನ್ನ ಲೋಟ ನೋಡಿಕೊಂಡ. ಎರಡು ಚಮಚ ಸಕ್ಕರೆ ತಳದಲ್ಲಿ ಕೂತಿತ್ತು. ಅಷ್ಟು ವರ್ಷ ಬಯಸಿದ್ದ ಟೀ ಅದು, ಅರ್ಧಕ್ಕೇ ಲೋಟ ಕೆಳಗಿಟ್ಟ.

ಲಾರಿ ಲೋಡಾಗುತ್ತಿತ್ತು. ಹೊನ್ನೇಶ ಎದ್ದು ಗದ್ದಿಗೆಯ ಹತ್ತಿರ ಹೋಗಿ, ಕಾಲು ಗಂಟೆ ಹೊರಗೆ ಹೋಗಿಬರಲೇ ಎಂದು ಮಾವನನ್ನು ಕೇಳಿದ. ಶಾಲೆಯ ಹುಡುಗ ಮೇಷ್ಟರನ್ನು ಕೇಳುವ ಹಾಗೆ ಕೇಳಿದ. ತೀರ್ಥಪ್ಪ ಒಳ್ಳೆಯ ಮನುಷ್ಯರೇ, ಹೋಗಿಬನ್ನಿ ಅಳಿಯಂದ್ರೇ ಎಂದರು. ಇಬ್ಬರೂ ಬೇವಿನ ಮರದ ಕೆಳಗೆ ಈರುಳ್ಳಿ ಸಿಪ್ಪೆ ಹಾರಾಡುವಲ್ಲಿ ನಿಂತರು.

"ಓಂಕಾರಣ್ಣ ಬೆಳಿಗ್ಗೆ ಫೋನ್ ಮಾಡಿದ್ರು," ಎಂದ ಹೊನ್ನೇಶ. "ವಾಪಸ್ ಬತ್ತೀಯಾ ಅಂತ ಕೇಳಿದ್ರು."

ಏನಂದೆ ಎಂದು ಕಾಂತರಾಜ ಕೇಳಿದ.

"ಬತ್ತೀನಿ ಅನ್ನೋದು ನಾಲಿಗೆ ತುದೀಗೆ ಬಂದಿತ್ತು. ಮಾವ ಎದುರಿಗೇ ಕೂತಿದ್ರು, ನುಂಗ್ಕೊಂಡೆ." ಅವನು ಡಿಸ್ಕನ್ನು ಅಂಗಿಯಿಂದ ಒರೆಸುತ್ತಿದ್ದ. "ನೋಡು ಕಾಂತರಾಜ, ಈ ಊರಿಗೆ ಬಂದು ಮೂರು ವರ್ಷ ಆಯ್ತು, ಒಬ್ಬರೂ ನನ್ನ ಹೆಸ್ರು ಹಿಡಿದು ಕರೆದಿಲ್ಲ. ಮಾವನೋರು ಅಳಿಯಂದ್ರೇ ಅಂತಾರೆ, ಹಮಾಲ್ರು ಅಳೀಮಯ್ಯ ಅಂತಾರೆ, ಹೆಂಡ್ತಿ ಹೆಸ್ರು ಹೇಳಲ್ಲ. ಅಲ್ಲಿ ನಿನ್ನನ್ನ ದಿನಾ ಹೊನ್ನೇಶಣ್ಣ ಹೊನ್ನೇಶಣ್ಣ ಅಂತ ಕೂಗ್ತಾರಂತಲ್ಲ. ಕೇಳಿದಾಗಿಂದ ಹೊಟ್ಟೆ ಉರೀತೈತೆ ಕಣಯ್ಯ ನಿನ್ನ ಮೇಲೆ. ನನ್ನ ಹೆಸ್ರು ಇರೋದೇ ಅಲ್ಲಿ, ಅದನ್ನೂ ನೀನೇ ಇಟ್ಕೊಂಡಿದೀಯ."

ಕಾಂತರಾಜ ಯಾರ ಮೇಲೆ ಉರಿದು ಉರಿದು ಬೂದಿಯಾಗಿದ್ದನೋ, ಅವನೇ ಎದುರು ನಿಂತು ಉರಿಯುತ್ತಿದ್ದಾನೆ. ಅದೂ ಕಾಂತರಾಜ ಕಿತ್ತೆಸೆಯಲು ಹೊರಟ ಆ ಹೆಸರಿಗಾಗಿ. ಅವನ ಮನಸ್ಸಿಗೆ ಮೊದಲು ಬಂದದ್ದು ಕನಿಕರವಲ್ಲ, ಸುಳ್ಳು ಯಾಕೆ ಹೇಳಲಿ. ಇವನು ನನ್ನನ್ನು ಕಾಂತರಾಜ ಎಂದನಲ್ಲ, ತಿದ್ದಿಸಿಕೊಳ್ಳದೆ ಎಂದನಲ್ಲ ಎಂಬುದು ಮೊದಲು ಬಂತು. ಕನಿಕರ ಅದರ ಹಿಂದೆ ಬಂತು.

ಹೊನ್ನೇಶ ದಾರಿ ಹೇಳಿಕೊಟ್ಟ. ಚೀಟಿ ಕಿತ್ತರೇನಂತೆ, ಆ ಡಿಸ್ಕ್ ತಾನು ಏಳು ಎಂದು ತನ್ನ ಒಳಗೇ ಬರೆದುಕೊಂಡಿರುತ್ತದೆ, ಜೊತೆಗೆ ತನ್ನದೇ ಒಂದು ಉದ್ದ ಗುರುತು ಕೂಡ. ಉಗ್ರಾಣದಲ್ಲಿ ಏಳನ್ನು ಮತ್ತೆ ಹುಟ್ಟಿಸು, ಅದೇ ಗುರುತು ಕೊಡು. ಬೇರೆ ಯಾವ ಭಾರವನ್ನೂ ಹೊರಿಸಬೇಡ, ಎದುರಿಗೆ ಫ್ಯಾನ್ ಇಟ್ಟು ನಿಧಾನಕ್ಕೆ ಎಬ್ಬಿಸು. ಎದ್ದರೆ ತನ್ನಲ್ಲಿರುವ ಚೂರುಗಳನ್ನು ತಾನೇ ಬೇರೆಯವರಿಗೆ ಹಂಚುತ್ತದೆ. ಎಲ್ಲ ಹಂಚಿದ ಮೇಲೆ ಡೆಸ್ಟ್ರಾಯ್ ಮಾಡಿ, ಹೊಸದನ್ನು ಏಳರಲ್ಲೇ ಕೂರಿಸು. ಎದ್ದೇಳದಿದ್ದರೆ ಎಂದು ಕಾಂತರಾಜ ಕೇಳಿದ. ಹೊನ್ನೇಶ, ಎದ್ದೇಳದಿದ್ದರೆ ಓಂಕಾರಣ್ಣ ಮತ್ತೆ ಫೋನ್ ಮಾಡುತ್ತಾರೆ ಎಂದ. ಹೇಳುವಾಗ ಅವನ ಕಣ್ಣು ಬೇರೆ ಕಡೆ ಇತ್ತು. ತಪ್ಪು ದಾರಿ ಹೇಳಿಕೊಟ್ಟಿದ್ದರೆ ಆ ಕುರ್ಚಿ ಅವನದಾಗುತ್ತಿತ್ತು. ಅಳಿಯಂದ್ರೇ ಎಂದು ಮಂಡಿಯಿಂದ ಕೂಗು ಬಂತು, ಅವನು ಡಿಸ್ಕ್ ಕೈಗಿಟ್ಟು ಓಡಿದ.

ಕಾಂತರಾಜ ಸ್ಟೇಷನ್ನಿಗೆ ಹೊರಟವನು ಮಂಡಿಯ ಮುಂದೆ ಹಾಯುವಾಗ ಬೋರ್ಡು ನೋಡಿದ. ತೀರ್ಥಪ್ಪನವರ ಹೆಸರಿನ ಕೆಳಗೆ ಲ್ಯಾಂಡ್‌ಲೈನ್ ನಂಬರು ಬರೆದಿತ್ತು. ಕೊನೆಯ ಅಂಕಿಗಳು ಎಲ್ಲೋ ನೋಡಿದ ಹಾಗಿತ್ತು. ಫೋನ್ ತೆಗೆದು ಹಳೆಯ ಕರೆಗಳನ್ನು ಹುಡುಕಿದ. ವಾರಕ್ಕೊಮ್ಮೆ ಬಂದು, ಏನೂ ಮಾತಾಡದೆ, ನಾನು ಹೊನ್ನೇಶ್ ಅಲ್ಲ ಎಂಬುದನ್ನು ಕೇಳಿಸಿಕೊಂಡು ಇಡುತ್ತಿದ್ದ ಕರೆ ಅದೇ ನಂಬರಿನದು. ಹೆಸರಿನ ಮುಂದೆ ಅಲ್ಲ ಎಂದು ಬಂದರೂ ಸರಿ, ಯಾರ ಬಾಯಲ್ಲಾದರೂ ಆ ಹೆಸರು ಕೇಳಬೇಕಾಗಿತ್ತು ಹೊನ್ನೇಶನಿಗೆ. ಕಾಂತರಾಜ ಫೋನ್ ಜೇಬಿಗಿಟ್ಟು ರೈಲಿಗೆ ನಡೆದ.

ಏಳು ಎದ್ದಿತು. ಒಂದೇ ಸಲಕ್ಕೇನೂ ಅಲ್ಲ. ಎರಡು ಸಲ ಕೆಮ್ಮಿ ಮಲಗಿತು, ಕಾಂತರಾಜ ಟೇಬಲ್ ಫ್ಯಾನ್ ಹತ್ತಿರ ಎಳೆದು ಮೂರನೇ ಸಲ ಎಬ್ಬಿಸಿದ. ಪರದೆಯ ಮೇಲೆ ಏಳು ಎಂಬ ಅಂಕಿ ಮತ್ತೆ ಕಾಣಿಸಿತು. ಚೂರುಗಳು ಒಂದೊಂದಾಗಿ ಹೊರಟವು. ಸುಲೋಚನಮ್ಮನವರ ಮಗಳ ಮದುವೆ ತೆರೆದುಕೊಂಡಾಗ ಓಂಕಾರಮೂರ್ತಿಯವರು ಅವರನ್ನೇ ಒಳಗೆ ಕರೆತಂದು ಕೂರಿಸಿದರು. ತಿಮ್ಮಪ್ಪನವರು ಧಾರೆಯ ಚೊಂಬು ಹಿಡಿದು, ಯಾರೋ ಏನೋ ಅಂದದ್ದಕ್ಕೆ ಹಲ್ಲು ಬಿಟ್ಟು ನಗುತ್ತಿದ್ದರು. ಇಲ್ಲೇ ನಿಲ್ಲಿಸಪ್ಪ ಎಂದರು ಸುಲೋಚನಮ್ಮ. ಅವನು ನಿಲ್ಲಿಸಿದ. ಆಮೇಲೆ ಹಳೆಯ ಡಿಸ್ಕನ್ನು ಡೆಸ್ಟ್ರಾಯ್ ಮಾಡಿ, ಇನ್ನೊಂದು ಹೊಸದನ್ನು ಏಳರಲ್ಲಿ ಕೂರಿಸಿದ. ಡಬ್ಬದಲ್ಲಿ ಹುಡುಕಿ, ಗುಂಡಗಿನ ಬರಹದ ಮುದುಡಿದ ಚೀಟಿಯನ್ನು ನೀವಿ, ಗೋಂದು ಹಚ್ಚಿ ಅದಕ್ಕೇ ಅಂಟಿಸಿದ.

ಮಾರನೇ ದಿನ ಬೆಳಿಗ್ಗೆ ಭೈರೇಶನ ಫೋನು ಬಂತು. "ಕಾಂತರಾಜಣ್ಣಾ, ನನ್ನ ಫೈಲ್ ಏರ್ತಾ?" ಎಂದ. ಕಾಂತರಾಜ ತಿದ್ದಲು ಬಾಯಿ ತೆರೆದವನು, ಏರಿದೆ ಎಂದ. ಆಮೇಲೆ ಬೀರೂರಿನಿಂದ ಒಂದು, ತರೀಕೆರೆಯಿಂದ ಇನ್ನೊಂದು. ಎಲ್ಲರ ಬಾಯಲ್ಲೂ ಅವನ ಹೆಸರೇ. ವಿಚಾರಿಸಿದರೆ ಭೈರೇಶ ಹೇಳಿದ, ಹೊನ್ನೇಶ ನಿನ್ನೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಆ ನಂಬರು ಈಗ ನಂದಲ್ಲ, ಕಾಂತರಾಜಂದು, ಹೆಸರು ಬದಲಾಯಿಸಿಕೊಳ್ಳಿ ಎಂದು ಹಟ ಹಿಡಿದು ಮಾಡಿಸಿದನಂತೆ. ಕರಿಯಣ್ಣನಿಗೂ ಹೇಳಿದ್ದನೋ ಏನೋ, ಟೀಗೆ ಸಕ್ಕರೆ ಬಿದ್ದಿತ್ತು. ಕುಡಿದರೆ ಸೇರಲಿಲ್ಲ. ಮೂರು ವರ್ಷದಲ್ಲಿ ನಾಲಿಗೆ ಚಪ್ಪೆಗೇ ಒಗ್ಗಿಹೋಗಿತ್ತು.

ಬಯಸಿದ್ದು ಸಿಕ್ಕಿತಲ್ಲ, ಇನ್ನಾದರೂ ಹೊಟ್ಟೆಕಿಚ್ಚು ಆರಿತೇ ಎನ್ನುತ್ತೀರಾ? ಎಲ್ಲಿಯ ಮಾತು. ಈಗ ಅವನಿಗೆ ಹೊನ್ನೇಶನ ಆ ದೊಡ್ಡತನದ ಮೇಲೆಯೇ ಹೊಟ್ಟೆಕಿಚ್ಚು. ತನಗೆ ಹೊಳೆಯಬಾರದಿತ್ತೇ, ತಾನು ಅವನ ಜಾಗದಲ್ಲಿದ್ದರೆ ಸರಿಯಾದ ದಾರಿ ಹೇಳಿಕೊಡುತ್ತಿದ್ದೆನೇ ಎಂದು ಅಶ್ವಿನಿಯನ್ನು ಕೇಳಿದ. ಇಲ್ಲ ಎಂದಳು ಅವಳು, ದಾರ ಪೋಣಿಸುತ್ತಲೇ.

ಆ ವಾರ ಕಳೆಯುವಷ್ಟರಲ್ಲಿ ಲ್ಯಾಂಡ್‌ಲೈನಿನ ಕರೆ ಬಂತು. ಎಂದಿನಂತೆ ಮಾತಿಲ್ಲ. ಉಸಿರು, ದೂರದಲ್ಲಿ ತಕ್ಕಡಿಯ ಸದ್ದು. ಹೊನ್ನೇಶನ ಹೆಸರನ್ನು ಕೂಗುವವರು ಇನ್ನು ಮೂರು ಊರಿನಲ್ಲೂ ಯಾರೂ ಇರಲಿಲ್ಲ. ಕಾಂತರಾಜ ಮಾಮೂಲು ವಾಕ್ಯ ಹೇಳಲಿಲ್ಲ.

"ಹೊನ್ನೇಶಣ್ಣಾ," ಎಂದ.

ಆ ಕಡೆ ಉಸಿರು ನಿಂತಿತು. ಫೋನ್ ಕಟ್ಟಾಗಲಿಲ್ಲ. ಹಿಂದಿನಿಂದ ಯಾರೋ ಅಳಿಯಂದ್ರೇ, ಅಳಿಯಂದ್ರೇ ಎಂದು ಎರಡು ಸಲ ಕೂಗಿದ್ದು ಇಲ್ಲಿಗೂ ಕೇಳಿಸಿತು. ಆ ಕೂಗಿಗೆ ಉತ್ತರ ಹೋಗಲಿಲ್ಲ.

"ಹೊನ್ನೇಶಣ್ಣಾ, ಕೇಳಿಸ್ತಾ?"

"ಹೂಂ," ಎಂದ ಹೊನ್ನೇಶ. "ಇನ್ನೊಂದ್ಸಲ ಕರಿ."